ಇ-ಕಾರಿನ ಸ್ಕ್ರೀನ್ ಸತಾಯಿಸಿದರೆ: ಇಎಂಎಂಸಿ ಸವೆತ ಪತ್ತೆ ಹಚ್ಚುವ ಬಗೆ

"ತಮ್ಮಾ, ಈ ಗಾಡ್ಯಾಗ ದೆವ್ವ ಹೊಕ್ಕಾದ ನೋಡು" ಅನ್ನುತ್ತಲೇ ಕಾಕಾ ಕಾರಿನಿಂದ ಇಳಿದರು. ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವವರು. ಗಾಡಿ ನಾಲ್ಕು ವರ್ಷದ ಎಲೆಕ್ಟ್ರಿಕ್ ಕಾರು. ಮಗನ ಹಳೇ ಫೋನಿನ ಹೆಸರನ್ನು ಬ್ಲೂಟೂತ್ ಪಟ್ಟಿಯಿಂದ ರಾತ್ರಿ ಅಳಿಸಿ ಮಲಗಿದ್ದಾರೆ. ಬೆಳಿಗ್ಗೆ ನೋಡಿದರೆ ಆ ಹೆಸರು ಅಲ್ಲೇ ಇದೆ. ಮತ್ತೆ ಅಳಿಸಿದರು, ಮತ್ತೆ ಬಂತು. ಮೂರನೇ ಸಲಕ್ಕೆ ನನ್ನ ಅಂಗಡಿ ನೆನಪಾಗಿದೆ.

ನನ್ನದು ಹುಮನಾಬಾದ್ ಬೇಸ್ ಹತ್ತಿರ ಮೊಬೈಲ್ ಬೋರ್ಡ್ ರಿಪೇರಿ ಅಂಗಡಿ. ಕಾರಿನ ಸ್ಕ್ರೀನುಗಳು ಬರಲು ಶುರುವಾಗಿ ಕೆಲವು ವರ್ಷ ಆಯಿತು. ಮೊದಮೊದಲು ಭಯ ಇತ್ತು. ಬಿಚ್ಚಿ ನೋಡಿದ ಮೇಲೆ ಗೊತ್ತಾಯಿತು, ಒಳಗಿರುವುದು ದೊಡ್ಡ ಫೋನೇ. ಅದೇ ಥರದ ಪ್ರೊಸೆಸರ್, ಅದೇ ರ್‍ಯಾಮ್, ಅದೇ ಇಎಂಎಂಸಿ ಚಿಪ್, ಅಂದರೆ ಎಲ್ಲವನ್ನೂ ಬರೆದಿಡುವ ಫ್ಲ್ಯಾಶ್ ಮೆಮೊರಿ, ಕೆಳಗಿನ 153 ಸೋಲ್ಡರ್ ಗುಂಡುಗಳ (ಬಾಲ್) ಮೇಲೆ ಬೋರ್ಡಿಗೆ ಕೂರುವಂಥದ್ದು. ಫೋನನ್ನು ನಾವು ಮೂರು ವರ್ಷಕ್ಕೆ ಬದಲಿಸುತ್ತೇವೆ, ಕಾರನ್ನು ಹತ್ತು ವರ್ಷ ಓಡಿಸುತ್ತೇವೆ. ತೊಂದರೆ ಹುಟ್ಟುವುದು ಅಲ್ಲೇ.

ಕಾಕಾ ಹೇಳಿದ ದೆವ್ವದ ಲಕ್ಷಣ ಕೇಳಿದ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಆದರೂ ಅರ್ಧ ಉತ್ತರದ ಮೇಲೆ ಹಾಟ್ ಏರ್ (ಚಿಪ್ ಕೀಳುವ ಬಿಸಿಗಾಳಿ ಯಂತ್ರ) ಹಿಡಿಯಬಾರದು. ಯಾವ ಕ್ರಮದಲ್ಲಿ ನೋಡುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮಾಡಬಾರದ ಕೆಲಸ

ಸ್ಕ್ರೀನ್ ನಿಧಾನ ಆಯಿತು ಅಂದರೆ ಎಲ್ಲರೂ ಹೇಳುವ ಮದ್ದು ಒಂದೇ: ಫ್ಯಾಕ್ಟರಿ ರೀಸೆಟ್ ಮಾಡಿ, ಇಲ್ಲಾಂದ್ರೆ ಅಪ್‌ಡೇಟ್ ಹಾಕಿ. ದಯವಿಟ್ಟು ಎರಡನ್ನೂ ಮಾಡಬೇಡಿ. ಎರಡೂ ಚಿಪ್ ಮೇಲೆ ಒಮ್ಮೆಲೇ ರಾಶಿ ಬರಹ ಹೊರಿಸುತ್ತವೆ. ಕೊನೆಯುಸಿರು ಎಳೆಯುತ್ತಿರುವ ಚಿಪ್ ಅರ್ಧ ಅಳಿಸಿ ಅಲ್ಲೇ ನಿಂತುಬಿಡುತ್ತದೆ. ಆಮೇಲೆ ಲೋಗೋ ಬಿಟ್ಟು ಬೇರೇನೂ ಬರುವುದಿಲ್ಲ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡೇ. ಯಾದಗಿರಿಯ ಟ್ಯಾಕ್ಸಿ ಹುಡುಗನೊಬ್ಬ ಬಂದಿದ್ದ. ಹಾಡಿನ ಪಟ್ಟಿ ತೆರೆಯಲು ಎರಡು ನಿಮಿಷ ತಗೋತದೆ ಅಂದ. ನಾನು ದೊಡ್ಡ ಜಾಣನ ಹಾಗೆ ರೀಸೆಟ್ ಒತ್ತಿದೆ. 60 ಪ್ರತಿಶತಕ್ಕೆ ಹೋಗಿ ನಿಂತಿತು. ಹಾಡು ಹೋಗಲಿ, ರಿವರ್ಸ್ ಕ್ಯಾಮೆರಾ ಕೂಡ ಹೋಯಿತು. ಎಸಿ ಬಟನ್ ಎಲ್ಲ ಸ್ಕ್ರೀನ್ ಒಳಗೇ ಇದ್ದ ಗಾಡಿ ಅದು. ಮೇ ತಿಂಗಳಲ್ಲಿ ಕಿಟಕಿ ಇಳಿಸಿಕೊಂಡು ಯಾದಗಿರಿಗೆ ವಾಪಸ್ ಹೋದ. ಹೊಸ ಬೋರ್ಡಿನ ಅರ್ಧ ದುಡ್ಡು ನಾನೇ ಕೊಟ್ಟೆ.

ಗಾಡಿ ಇನ್ನೂ ವಾರಂಟಿಯಲ್ಲಿ ಇದ್ದರೆ ಮುಂದಿನದು ಯಾವುದೂ ಬೇಡ. ಲಕ್ಷಣಗಳ ವಿಡಿಯೊ ಮಾಡಿಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ. ಒಮ್ಮೆ ಸೀಲ್ ಒಡೆದರೆ ಅವರು ಮುಟ್ಟುವುದಿಲ್ಲ.

ಚಿಪ್‌ಗೆ ಬರುವ ಮೊದಲು

ಮೊದಲ ಅನುಮಾನ ಯಾವಾಗಲೂ 12 ವೋಲ್ಟ್ ಬ್ಯಾಟರಿಯ ಮೇಲೆ. ಇ-ಕಾರಿನಲ್ಲಿ ಅಷ್ಟು ದೊಡ್ಡ ಬ್ಯಾಟರಿ ಇರುವಾಗ ಈ ಚಿಕ್ಕದು ಯಾಕೆ ಅಂತ ಜನ ಕೇಳುತ್ತಾರೆ. ಸ್ಕ್ರೀನ್, ಲೈಟು, ಲಾಕು, ಕಂಪ್ಯೂಟರ್‌ಗಳು ಎಲ್ಲ ಓಡುವುದು ಇದರ ಮೇಲೇ. ಇದು ಸೋತರೆ ಸ್ಕ್ರೀನ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ, ಗಡಿಯಾರ ಹಿಂದೆ ಹೋಗುತ್ತದೆ, ಸೆಟ್ಟಿಂಗ್ ಮರೆತುಹೋಗುತ್ತದೆ. ನೋಡಿದವರು ಚಿಪ್ ಹೋಯಿತು ಅಂತಲೇ ಹೇಳಬೇಕು, ಹಾಗೆ ನಟಿಸುತ್ತದೆ.

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಮೀಟರ್ ಇಡಿ. ಮಾಮೂಲಿ ಲೆಡ್ ಆ್ಯಸಿಡ್ ಬ್ಯಾಟರಿ ಆದರೆ 12.4ರಿಂದ 12.7 ವೋಲ್ಟ್ ಇರಬೇಕು. 12ಕ್ಕಿಂತ ಕೆಳಗೆ ಇದ್ದರೆ ಮೊದಲು ಅದನ್ನು ಸರಿ ಮಾಡಿ, ಮಿಕ್ಕಿದ್ದು ಆಮೇಲೆ. ಗಾಡಿ ರೆಡಿ ಆದಾಗ, ದೊಡ್ಡ ಬ್ಯಾಟರಿಯಿಂದ ಚಿಕ್ಕದನ್ನು ಚಾರ್ಜ್ ಮಾಡುವ ಡಿಸಿ-ಡಿಸಿ ಕನ್ವರ್ಟರ್ ಎದ್ದು ಸುಮಾರು 13.5ರಿಂದ 14.5ಕ್ಕೆ ಏರಿಸಬೇಕು. ನಾನು ಮೀಟರ್ ಹಿಡಿದುಕೊಂಡೇ ಇನ್ನೊಬ್ಬರಿಂದ ಬಟನ್ ಒತ್ತಿಸುತ್ತೇನೆ. ಆ ಕ್ಷಣಕ್ಕೆ ವೋಲ್ಟೇಜ್ ಧೊಪ್ ಅಂತ ಬಿದ್ದು ಎದ್ದರೆ ಕಳ್ಳ ಸಿಕ್ಕಹಾಗೆ. ಕಾಕಾ ಗಾಡಿಯಲ್ಲಿ 12.5 ಇತ್ತು. ಒತ್ತಿದಾಗಲೂ ಅಲುಗಲಿಲ್ಲ.

ಆಮೇಲೆ ಯುಎಸ್‌ಬಿಗೆ ಸಿಕ್ಕಿಸಿದ್ದನ್ನೆಲ್ಲ ಕೀಳಿ. ಇದನ್ನು ಹೇಳಿದರೆ ನಗುತ್ತಾರೆ. ಕಾಕಾನ ಪೆನ್‌ಡ್ರೈವ್‌ನಲ್ಲಿ ತತ್ವಪದ, ಭಜನೆ, ಮೊಮ್ಮಗಳ ಹುಟ್ಟುಹಬ್ಬದ ವಿಡಿಯೊ ಎಲ್ಲ ಸೇರಿ ಸಾವಿರಾರು ಫೈಲ್. ಕೆಟ್ಟ ಪೆನ್‌ಡ್ರೈವ್ ಒಂದೇ ಸಾಕು, ಹಾಡು ಹುಡುಕುವ ಪ್ರೋಗ್ರಾಂ ಅದರಲ್ಲೇ ಸಿಕ್ಕಿಹಾಕಿಕೊಂಡು ಇಡೀ ಸ್ಕ್ರೀನ್ ಹೆಪ್ಪುಗಟ್ಟುತ್ತದೆ. ಕಿತ್ತು ಒಂದು ದಿನ ಓಡಿಸಿದೆವು. ವ್ಯತ್ಯಾಸ ಇಲ್ಲ.

ಮೂರನೆಯದು ಬಿಸಿಲು. ನಮ್ಮ ಕಡೆ ಬಿಡಿಸಿ ಹೇಳಬೇಕಿಲ್ಲ. ಮೇ ತಿಂಗಳಲ್ಲಿ ನೆರಳಲ್ಲೇ 42-43 ಡಿಗ್ರಿ. ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ದಾಟುತ್ತದೆ. ಕೈ ಇಟ್ಟು ನೋಡಿ, ತವೆ ಮುಟ್ಟಿದ ಹಾಗೆ ಆಗುತ್ತದೆ. ಮಧ್ಯಾಹ್ನ ಸತಾಯಿಸಿ, ಎಸಿ ಹಾಕಿ ಅರ್ಧ ಗಂಟೆ ತಣಿದ ಮೇಲೆ ಸರಿ ಹೋಗುವ ಸ್ಕ್ರೀನ್ ಇದ್ದರೆ ಅದು ಹೆಚ್ಚಾಗಿ ಸೋಲ್ಡರ್, ಬೋರ್ಡಿಗೆ ವಿದ್ಯುತ್ ಹಂಚುವ ಪವರ್ ಐಸಿ ಅಥವಾ ಫ್ಯಾನ್ ತೊಂದರೆ. ಸವೆದ ಚಿಪ್ ಬೆಳಗಿನ ತಂಪಿನಲ್ಲೂ ಸತಾಯಿಸುತ್ತದೆ.

ಆದರೆ ಇಲ್ಲೊಂದು ಸಿಕ್ಕು ಇದೆ. ಫ್ಲ್ಯಾಶ್ ಮೆಮೊರಿಯಲ್ಲಿ ಬರೆದದ್ದು ಉಳಿಯುವುದು ಸಣ್ಣ ಸಣ್ಣ ಕೋಶಗಳಲ್ಲಿ ಕೂಡಿಟ್ಟ ವಿದ್ಯುತ್ ಚಾರ್ಜ್ ರೂಪದಲ್ಲಿ. ಬಿಸಿ ಜಾಸ್ತಿ ಆದಷ್ಟೂ ಆ ಚಾರ್ಜ್ ಬೇಗ ಸೋರುತ್ತದೆ. ಕೋಶ ಸವೆದಿದ್ದರೆ ಇನ್ನೂ ಬೇಗ. ಹಾಗಾಗಿ ಚಳಿಗಾಲದಲ್ಲಿ ಹೇಗೋ ದೂಡಿಕೊಂಡು ಬಂದ ಚಿಪ್ ಏಪ್ರಿಲ್‌ನಲ್ಲಿ ಬಂದು ಬೀಳುತ್ತದೆ. ಬೇಸಿಗೆಯಲ್ಲಿ ಶುರುವಾಯಿತು ಅಂದಮಾತ್ರಕ್ಕೆ ಬರೀ ಬಿಸಿಲಿನ ತಪ್ಪು ಅನ್ನುವಂತಿಲ್ಲ.

ಸ್ಕ್ರೀನ್ ಪೂರ್ತಿ ಕಪ್ಪು, ಆದರೆ ಹಾಡು ಕೇಳುತ್ತಿದೆ, ಇಂಡಿಕೇಟರ್ ಟಿಕ್ ಟಿಕ್ ಬರುತ್ತಿದೆ ಅಂದರೆ ಅದು ಡಿಸ್‌ಪ್ಲೇ ಕೇಬಲ್ ಅಥವಾ ಬ್ಯಾಕ್‌ಲೈಟ್. ಈ ಬರಹದ ಕೆಲಸ ಅಲ್ಲಿಗೆ ಮುಗಿಯಿತು.

ಬರೆದದ್ದು ಉಳಿಯುತ್ತದೆಯೇ?

ಯಾವ ಉಪಕರಣವೂ ಇಲ್ಲದೆ ಮನೆಯಲ್ಲೇ ಮಾಡುವ ಪರೀಕ್ಷೆ ಇದು. ನನಗೆ ಇದರ ಮೇಲೆ ತುಂಬ ನಂಬಿಕೆ. ರೇಡಿಯೊದಲ್ಲಿ ಹೊಸ ಸ್ಟೇಷನ್ ಒಂದನ್ನು ಮೊದಲ ಬಟನ್‌ಗೆ ಉಳಿಸಿ. ಪರದೆಯ ಬಣ್ಣ ಬದಲಿಸಿ. ಒಂದು ಹಳೇ ಫೋನ್ ಹೆಸರು ಅಳಿಸಿ. ಮೂರನ್ನೂ ಚೀಟಿಯಲ್ಲಿ ಬರೆದಿಡಿ. ಗಾಡಿ ಲಾಕ್ ಮಾಡಿ ಕೀ ದೂರ ತಗೊಂಡು ಹೋಗಿ. ಕೀ ಹತ್ತಿರ ಇದ್ದರೆ ಕೆಲವು ಗಾಡಿ ಮಲಗುವುದೇ ಇಲ್ಲ. ಒಂದು ಗಂಟೆ ಬಿಟ್ಟು, ಅಥವಾ ಮರುದಿನ, ಬಂದು ನೋಡಿ.

ಮೂರೂ ಉಳಿದಿದ್ದರೆ ಚಿಪ್ ಇನ್ನೂ ಬರೆಯುತ್ತಿದೆ. ಮೂರೂ ಹಳೇ ಸ್ಥಿತಿಗೆ ಹೋಗಿದ್ದರೆ, ಅದೂ 12 ವೋಲ್ಟ್ ಸರಿ ಇರುವಾಗ, ಚಿಪ್ ಬರೆಯುವುದನ್ನು ನಿಲ್ಲಿಸಿದೆ. ಆಯುಸ್ಸು ಮುಗಿದಾಗ ಎಷ್ಟೋ ಚಿಪ್‌ಗಳು ಓದಲು ಮಾತ್ರ ಅನ್ನುವ ಸ್ಥಿತಿಗೆ ಹೋಗುತ್ತವೆ. ಕೆಲವು ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಬರೆಯಿರಿ ಅಂದರೆ ಹೂಂ ಅನ್ನುತ್ತವೆ, ಬರೆದಿರುವುದಿಲ್ಲ. ರ್‍ಯಾಮ್‌ನಲ್ಲಿ (ಕರೆಂಟ್ ಇರುವವರೆಗೆ ಮಾತ್ರ ನೆನಪಿಡುವ ಮೆಮೊರಿ) ಹೆಸರು ಅಳಿದಿರುತ್ತದೆ, ಅದಕ್ಕೆ ಪಟ್ಟಿಯಲ್ಲಿ ಕಾಣುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ಮತ್ತೆ ಚಿಪ್ ಓದುತ್ತದೆ. ಅಲ್ಲಿ ಹಳೇ ಪಟ್ಟಿಯೇ ಇರುತ್ತದೆ. ಕಾಕಾನ ದೆವ್ವ ಇಷ್ಟೇ.

ಎರಡು ಉಳಿದು ಒಂದು ಹೋದರೆ? ಆಗ ತೀರ್ಮಾನಕ್ಕೆ ಬರಬೇಡಿ. ಸಾಫ್ಟ್‌ವೇರ್ ದೋಷವೂ ಇರಬಹುದು. ಎರಡು-ಮೂರು ಸಲ ಮಾಡಿ.

ಯಾಕೆ ಸವೆಯುತ್ತದೆ

ಚಿಕ್ಕವರಿದ್ದಾಗ ಪಾಟಿಯಲ್ಲಿ ಬರೆದದ್ದು ನೆನಪಿದೆಯಲ್ವಾ? ಬೇಕಾದ ಒಂದು ಅಕ್ಷರವನ್ನು ಬೆರಳಿನಿಂದ ಒರೆಸಿ ತಿದ್ದುತ್ತಿದ್ದೆವು. ಫ್ಲ್ಯಾಶ್ ಮೆಮೊರಿ ಅಂಥ ಪಾಟಿ ಅಲ್ಲ. ಅದರಲ್ಲಿ ಒಂದು ಅಕ್ಷರ ತಿದ್ದಿ ಬರೆಯುವ ಹಾಗಿಲ್ಲ. ಹೊಸ ಪುಟದಲ್ಲಿ ಬರೆಯಬೇಕು, ಹಳೆಯದನ್ನು ಬೇಡ ಅಂತ ಗುರುತು ಮಾಡಬೇಕು. ಬೇಡದ ಪುಟ ಜಾಸ್ತಿ ಆದಾಗ ಇಡೀ ಬ್ಲಾಕ್ ಒರೆಸಬೇಕು. ಒಂದು ಬ್ಲಾಕ್‌ನಲ್ಲಿ ನೂರಾರು ಪುಟ. ಒರೆಸುವ ಪ್ರತಿ ಸಲವೂ ಕೋಶದ ಒಳಪದರ ಒಂದಿಷ್ಟು ಹಾಳಾಗುತ್ತದೆ. ಒಂದು ಕೋಶದಲ್ಲಿ ಎರಡು ಬಿಟ್ ಇಡುವ ಎಂಎಲ್‌ಸಿ ಚಿಪ್‌ಗಳಿಗೆ ಸಾಮಾನ್ಯವಾಗಿ 3000 ಸಲ ಒರೆಸುವ ಲೆಕ್ಕ ಹಿಡಿಯುತ್ತಾರೆ.

ಒಂದೇ ಬ್ಲಾಕ್ ಸವೆಯಬಾರದು ಅಂತ ಚಿಪ್‌ನ ಒಳಗಿನ ಕಂಟ್ರೋಲರ್ ಬರಹವನ್ನು ಎಲ್ಲ ಕಡೆ ಹಂಚುತ್ತದೆ. ಮನೆಮುಂದಿನ ಶಹಾಬಾದಿ ಕಲ್ಲು ಒಂದೇ ಜಾಗದಲ್ಲಿ ತುಳಿದರೆ ಗುಂಡಿ ಬೀಳುತ್ತದೆ, ಆಚೆ ಈಚೆ ಕಾಲಿಟ್ಟರೆ ಬಹಳ ವರ್ಷ ಬರುತ್ತದೆ. ಆದರೆ ಹಂಚಲು ಜಾಗ ಬೇಕಲ್ಲ. ಚಿಪ್ ತುಂಬಿ ತುಳುಕುತ್ತಿದ್ದರೆ ಉಳಿದ ಸ್ವಲ್ಪ ಜಾಗವೇ ಮತ್ತೆ ಮತ್ತೆ ಪೆಟ್ಟು ತಿನ್ನುತ್ತದೆ.

ಇದನ್ನೆಲ್ಲ ಕಾಕಾಗೆ ಹೇಳುವಾಗ ಅವರೇ ನನಗಿಂತ ಚೆನ್ನಾಗಿ ಹಿಡಿದರು. ಚಿಪ್ ಮೇಲೆ ಲಾಗ್‌ಗಳನ್ನೂ ಬರೆಯುತ್ತಾ ಇರುತ್ತದೆ ಅಂದೆ. ಲಾಗ್ ಅಂದರೆ ಏನು ಅಂದರು. ಗಾಡಿ ತನ್ನ ದಿನಚರಿ ಬರೆಯುತ್ತದೆ ಅಂದೆ: ಬ್ಯಾಟರಿ ಸೆಲ್ ವೋಲ್ಟೇಜ್ ಎಷ್ಟು, ಬಿಸಿ ಎಷ್ಟು, ಯಾವ ಬಾಗಿಲು ತೆರೆಯಿತು, ಜಿಪಿಎಸ್ ಎಲ್ಲಿ. ಒಂದು ಸಾಲು ಬರೆಯಲು ಫೈಲ್ ಸಿಸ್ಟಂ (ಫೈಲ್‌ಗಳ ಲೆಕ್ಕ ಇಡುವ ಸಾಫ್ಟ್‌ವೇರ್) ಸಾಮಾನ್ಯವಾಗಿ ಮೊದಲು ಸಾಲನ್ನು ಅದರ ಜಾಗದಲ್ಲಿ ಬರೆದು, ಫೈಲ್ ಎಷ್ಟು ದೊಡ್ಡದಾಯಿತು ಅಂತ ಜರ್ನಲ್ ಅನ್ನುವ ಕಚ್ಚಾ ಪುಸ್ತಕದಲ್ಲಿ ಬರೆದು, ಆಮೇಲೆ ಅದನ್ನೇ ಅಸಲಿ ಜಾಗದಲ್ಲಿ ಬರೆಯುತ್ತದೆ.

"ಅಂದ್ರ ಕಚ್ಚಾ ಚೀಟಿ, ಕಿರ್ದಿ, ಖಾತಿ" ಅಂದರು ಕಾಕಾ. "ಒಂದ್ ಚೀಲ ತೊಗರಿಗಿ ಮೂರ್ ಕಡಿ ಬರಿಯೋದು."

ಅಷ್ಟೇ. ಸಾಲು ಚಿಕ್ಕದು ಅಂತ ಖರ್ಚು ಚಿಕ್ಕದಲ್ಲ. 200 ಬೈಟ್‌ನ ಒಂದು ಸಾಲನ್ನು ಈಗಲೇ ಚಿಪ್‌ಗೆ ಇಳಿಸು ಅಂತ ಪ್ರೋಗ್ರಾಂ ಹಟ ಹಿಡಿದರೆ, 16 ಕಿಲೋಬೈಟ್ ಪುಟದ ಚಿಪ್‌ನಲ್ಲಿ ಒಂದು ಪುಟವೇ ಖರ್ಚು. ಬರೆದದ್ದರ 80 ಪಟ್ಟು. ಅದೇ ಸಾಲುಗಳನ್ನು ರ್‍ಯಾಮ್‌ನಲ್ಲಿ ಕೂಡಿಟ್ಟು ಐದು ನಿಮಿಷಕ್ಕೊಮ್ಮೆ ಇಳಿಸಿದರೆ ಈ ಪೋಲು ಇಲ್ಲ. ಕಿರಾಣಿಗೆ ಒಂದೊಂದು ಮೆಣಸಿನಕಾಯಿಗೂ ಬೇರೆ ಬೇರೆ ಸಲ ಹೋಗಿಬರುವವರು ಯಾರಿದ್ದಾರೆ?

ಅಗ್ಗದ ಗಾಡಿಗಳ ಕಥೆ ಇದು ಅಂತ ತಿಳಿಯಬೇಡಿ. ಇದಕ್ಕೆ ಅತಿ ಹೆಸರಾದ ಪ್ರಕರಣ ಟೆಸ್ಲಾದ್ದು. 2012ರಿಂದ 2018ರವರೆಗಿನ ಮಾಡೆಲ್ ಎಸ್, 2016ರಿಂದ 2018ರವರೆಗಿನ ಮಾಡೆಲ್ ಎಕ್ಸ್ ಕಾರುಗಳ ಸ್ಕ್ರೀನ್ ಹಿಂದೆ ಎನ್‌ವಿಡಿಯಾದ ಟೆಗ್ರಾ 3 ಪ್ರೊಸೆಸರ್, ಜೊತೆಗೆ ಕೇವಲ 8 ಜಿಬಿಯ ಇಎಂಎಂಸಿ ಇತ್ತು. 3000 ಸಲದ ಆಯುಸ್ಸು, ದಿನಕ್ಕೆ ಸರಾಸರಿ 1.4 ಸಲ ಬಳಕೆ. ಭಾಗಿಸಿ ನೋಡಿ, ಆರು ವರ್ಷವೂ ತುಂಬುವುದಿಲ್ಲ. ರಿವರ್ಸ್ ಕ್ಯಾಮೆರಾ, ಮುಂದಿನ ಗಾಜಿನ ಮಂಜು ತೆಗೆಯುವ ನಿಯಂತ್ರಣ, ಇಂಡಿಕೇಟರ್ ಸದ್ದು ಎಲ್ಲ ಅದರ ಜೊತೆ ಹೋಗುತ್ತಿದ್ದವು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ತನಿಖೆ ಮಾಡಿ ಕೇಳಿದ ಮೇಲೆ, 2021ರ ಫೆಬ್ರುವರಿಯಲ್ಲಿ 1,34,951 ಗಾಡಿಗಳನ್ನು ಹಿಂದಕ್ಕೆ ಕರೆದರು. ಬದಲಿಗೆ ಹಾಕಿದ್ದು 64 ಜಿಬಿಯದು.

ಚಿಪ್‌ನಿಂದಲೇ ಕೇಳುವುದು

ಪರೀಕ್ಷೆಯಲ್ಲಿ ಅನುಮಾನ ಗಟ್ಟಿಯಾದರೆ ಚಿಪ್‌ನನ್ನೇ ಕೇಳಬಹುದು. 2013ರಲ್ಲಿ ಬಂದ ಇಎಂಎಂಸಿ 5.0 ಆವೃತ್ತಿಯಿಂದ ಈಚೆಗೆ ಎಲ್ಲ ಚಿಪ್‌ಗಳೂ ತಮ್ಮ ಆರೋಗ್ಯದ ವರದಿ ತಾವೇ ಇಟ್ಟುಕೊಂಡಿರುತ್ತವೆ. ಎಕ್ಸ್‌ಟಿ ಸಿಎಸ್‌ಡಿ ಅನ್ನುವ 512 ಬೈಟ್‌ನ ಕೋಷ್ಟಕದಲ್ಲಿ 267, 268, 269ನೇ ಬೈಟ್‌ಗಳನ್ನು ನೋಡಿ. ಇಂಥ ಕಂಪ್ಯೂಟರ್‌ಗಳನ್ನು ನಡೆಸುವ ಲಿನಕ್ಸ್ ಸಾಫ್ಟ್‌ವೇರ್‌ನಲ್ಲಿ ಇವು ಲೈಫ್ ಟೈಮ್, ಪ್ರೀ ಇಒಎಲ್ ಇನ್ಫೋ ಅನ್ನುವ ಹೆಸರಿನ ಎರಡು ಫೈಲ್ ಆಗಿ ಸಿಗುತ್ತವೆ. ಗಾಡಿಯ ಸಾಫ್ಟ್‌ವೇರ್ ಒಳಗೆ ಬಿಡದಿದ್ದರೆ ಬೋರ್ಡಿನ ಮೇಲೆಯೇ ವೈರ್ ಹಾಕಿ ಪ್ರೋಗ್ರಾಮರ್ ಬಾಕ್ಸ್‌ನಿಂದ ಓದಬೇಕು.

268 ಮತ್ತು 269, ಅಂದರೆ ಎ ಮತ್ತು ಬಿ, ಚಿಪ್‌ನ ಎರಡು ಬಗೆಯ ಜಾಗದ ಸವೆತ. 01 ಅಂದರೆ 10 ಪ್ರತಿಶತದ ಒಳಗೆ, 02 ಅಂದರೆ 20ರ ಒಳಗೆ, ಹೀಗೆ ಏರುತ್ತದೆ. ಇದು ಹದಿನಾರರ ಎಣಿಕೆ. ಹಾಗಾಗಿ 09 ಆದ ಮೇಲೆ 0ಎ ಬರುತ್ತದೆ, ಅದು 90ರಿಂದ 100 ಪ್ರತಿಶತ. 0ಬಿ ಬಂದರೆ ಅಂದಾಜಿನ ಆಯುಸ್ಸು ದಾಟಿದೆ. ಎರಡರಲ್ಲಿ ದೊಡ್ಡದನ್ನು ನಂಬುವುದು ನನ್ನ ಪದ್ಧತಿ. 267 ಬೇರೆ ಕಥೆ ಹೇಳುತ್ತದೆ: ಕೆಟ್ಟ ಬ್ಲಾಕ್‌ಗಳ ಬದಲಿಗೆ ಇಟ್ಟ ಕಾಯ್ದಿರಿಸಿದ ಬ್ಲಾಕ್ ಎಷ್ಟು ಖರ್ಚಾದವು ಅಂತ. 01 ಇದ್ದರೆ ನೆಮ್ಮದಿ. 02 ಅಂದರೆ 80 ಪ್ರತಿಶತ ಮುಗಿದಿದೆ. 03 ಅಂದರೆ ತುರ್ತು.

0ಬಿ ನೋಡಿ ಹೆದರಿ ಆ ಕೂಡಲೇ ಚಿಪ್ ಕೀಳಬೇಕಿಲ್ಲ. 0ಬಿ ತೋರಿಸಿಕೊಂಡೇ ವರ್ಷ ಓಡಿದ ಫೋನುಗಳನ್ನು ನೋಡಿದ್ದೇನೆ. 267ನೇ ಬೈಟ್ 03 ಆಗಿದ್ದರೆ ಮಾತ್ರ ಆ ರಾತ್ರಿಯೇ ಚಿಪ್‌ನಲ್ಲಿ ಇರುವುದರ ಕಾಪಿ ತೆಗೆಯುತ್ತೇನೆ. ಕಾಕಾ ಗಾಡಿಯಲ್ಲಿ ಎರಡೂ ಇದ್ದವು, 0ಬಿ ಮತ್ತು 03.

ಬೋರ್ಡಿನ ಸೀರಿಯಲ್ ಪಿನ್ ಸಿಕ್ಕರೆ ಬೂಟ್ ಆಗುವಾಗ, ಅಂದರೆ ಕಂಪ್ಯೂಟರ್ ಎದ್ದೇಳುವಾಗ, ಬರುವ ಸಂದೇಶ ಓದಿ. ಎಂಎಂಸಿ ಎರರ್ ಮೈನಸ್ 110 ಅಂದರೆ ಚಿಪ್ ಹೇಳಿದ ಹೊತ್ತಿಗೆ ಉತ್ತರ ಕೊಡಲಿಲ್ಲ. ಮೈನಸ್ 84 ಅಂದರೆ ಉತ್ತರ ಬಂತು, ದಾರಿಯಲ್ಲಿ ಕೆಟ್ಟಿತು. ಈ ಎರಡನೆಯದನ್ನು ಕಂಡರೆ ಚಿಪ್‌ಗೆ ಬೈಯುವ ಮುಂಚೆ ಅದಕ್ಕೆ ಬರುವ 1.8 ಮತ್ತು 3.3 ವೋಲ್ಟ್ ಅಳೆಯಿರಿ, ಸೋಲ್ಡರ್ ಬಿರುಕು ನೋಡಿ. ಹಳ್ಳಿ ರಸ್ತೆಯ ಕುಲುಕಾಟಕ್ಕೆ ಬಾಲ್ ಬಿಟ್ಟುಕೊಂಡ ಬೋರ್ಡುಗಳೂ ಬರುತ್ತವೆ. ಅಂಥದ್ದಕ್ಕೆ ಹೊಸ ಚಿಪ್ ಹಾಕಿದರೆ ದಂಡ.

ಬರೆಯುತ್ತಿರುವುದು ಯಾರು

ಸವೆತ ಖಚಿತ ಆಯಿತು ಅಂತ ಸುಮ್ನೆ ಹೊಸ ಚಿಪ್ ಹಾಕಿ ಕಳಿಸುವವರೇ ಜಾಸ್ತಿ. ನಲ್ಲಿ ಸೋರುವುದನ್ನು ಬಿಟ್ಟು ಹೊಸ ಬಕೆಟ್ ಇಟ್ಟ ಹಾಗೆ. ನಾನು ಬರಹದ ಲೆಕ್ಕ ತೆಗೆಯುತ್ತೇನೆ.

ಲಿನಕ್ಸ್ ಮತ್ತು ಆಂಡ್ರಾಯ್ಡ್ ಎರಡರಲ್ಲೂ ಡಿಸ್ಕ್‌ಸ್ಟ್ಯಾಟ್ಸ್ ಅನ್ನುವ ಫೈಲ್ ಇರುತ್ತದೆ. ಅದರಲ್ಲಿ ಚಿಪ್‌ನ ಸಾಲಿನ 10ನೇ ಅಂಕಣ ಗಾಡಿ ಎದ್ದಾಗಿನಿಂದ ಬರೆದ ಸೆಕ್ಟರ್‌ಗಳ ಸಂಖ್ಯೆ. ಒಂದು ಸೆಕ್ಟರ್ ಅಂದರೆ 512 ಬೈಟ್. ಈಗೊಮ್ಮೆ ಬರೆದುಕೊಳ್ಳಿ, ಒಂದು ಗಂಟೆ ಬಿಟ್ಟು ಮತ್ತೊಮ್ಮೆ. ಚಿಪ್ ಇಳಿಸಿಕೊಳ್ಳಲಿ ಬಿಡಲಿ, ಕಂಪ್ಯೂಟರ್ ಎಷ್ಟು ಬರೆಯಲು ಹೋಯಿತು ಅನ್ನುವುದು ಇದರಲ್ಲಿ ಸಿಗುತ್ತದೆ.

ಕಾಕಾ ಗಾಡಿಯನ್ನು ಅಂಗಡಿ ಮುಂದೆ ನಿಲ್ಲಿಸಿ, ಹಾಡು ಇಲ್ಲ, ಮ್ಯಾಪ್ ಇಲ್ಲ, ಬರೀ ಸ್ಕ್ರೀನ್ ಹಚ್ಚಿಟ್ಟು ಅಳೆದೆ. ನಾವಿಬ್ಬರೂ ಎದುರಿನ ಬಂಡಿಯಲ್ಲಿ ಸುಸಲಾ, ಮಿರ್ಚಿ ತಿಂದು ಚಹಾ ಕುಡಿದು ಬಂದೆವು. ಒಂದು ಗಂಟೆಗೆ 12,58,000 ಸೆಕ್ಟರ್. ಸುಮಾರು 644 ಎಂಬಿ. ನಿಂತ ಗಾಡಿ ಬರೆದದ್ದು.

"ದಿನಾ ಎಷ್ಟ್ ತಾಸ್ ಹಚ್ಚಿರ್ತದರೀ ಕಾಕಾ?" ಅಂದೆ.

"ಓಡ್ಸೋದು ಮೂರ್ ತಾಸ್. ರಾತ್ರಿ ಚಾರ್ಜಿಗಿ ಎಂಟ್ ತಾಸ್ ಇರ್ತದ. ಅದು ಲೆಕ್ಕಕ್ಕ ಬರಂಗಿಲ್ಲಲಾ?"

ಬರುತ್ತದೆ. ಈ ಗಾಡಿಯಲ್ಲಿ ಚಾರ್ಜಿಂಗ್ ಗನ್ ಸಿಕ್ಕಿಸಿದಷ್ಟು ಹೊತ್ತೂ ಒಳಗಿನ ಕಂಪ್ಯೂಟರ್ ಎದ್ದೇ ಇರುತ್ತದೆ, ಸ್ಕ್ರೀನ್ ಮಾತ್ರ ಆರಿರುತ್ತದೆ. ಹಾಗಾದರೆ ದಿನಕ್ಕೆ 11 ಗಂಟೆ, 7 ಜಿಬಿ. ನಾಲ್ಕು ವರ್ಷಕ್ಕೆ 10,300 ಜಿಬಿ ಹತ್ತಿರ. 8 ಜಿಬಿ ಚಿಪ್ ಸುಮಾರು 1,290 ಸಲ ಪೂರ್ತಿ ತುಂಬಿದ ಲೆಕ್ಕ. ಒಳಗೆ ಕಂಟ್ರೋಲರ್ ಸರಿಸಿ ಒರೆಸುವ ಹೆಚ್ಚುವರಿ ಬರಹ ಎರಡೂವರೆ ಪಟ್ಟು ಅಂತ ಹಿಡಿದರೂ 3,200 ದಾಟಿತು. ಲೆಕ್ಕ ಪೂರ್ತಿ ನಿಖರ ಅಲ್ಲ, ನಾಲ್ಕೂ ವರ್ಷ ಒಂದೇ ವೇಗ ಇತ್ತು ಅಂತ ಹಿಡಿದದ್ದು. ಆದರೆ ಚಿಪ್ ಹೇಳಿದ 0ಬಿಗೆ ತಾಳೆ ಆಯಿತು.

ಯಾರು ಬರೆಯುತ್ತಿದ್ದಾರೆ ಅನ್ನುವುದು ಕಾಪಿ ತೆಗೆದ ಮೇಲೆ ಗೊತ್ತಾಯಿತು. ಡಂಪ್, ಅಂದರೆ ಆ ಕಾಪಿ, ಎನ್‌ಕ್ರಿಪ್ಟ್ ಆಗಿ ಬೀಗ ಬಿದ್ದಿರಲಿಲ್ಲ, ಅದೊಂದು ಪುಣ್ಯ. ಕಂಪ್ಯೂಟರ್‌ನಲ್ಲಿ ತೆರೆದರೆ ಲಾಗ್ ಫೋಲ್ಡರ್ ಒಂದೇ 2 ಜಿಬಿ ಮೇಲೆ. ಫೈಲ್ ತೆರೆದೆ. ಒಂದೇ ಸಾಲು ಕೆಳಗೆ ಕೆಳಗೆ ಓಡುತ್ತಿದೆ: ಸರ್ವರ್ ಸಿಗಲಿಲ್ಲ, ಮತ್ತೆ ಪ್ರಯತ್ನಿಸುತ್ತಿದ್ದೇನೆ. ಸೆಕೆಂಡಿಗೆ ಹಲವು ಸಲ. ಪ್ರತಿ ಸಾಲಿನ ಬೆನ್ನಿಗೆ ಇಪ್ಪತ್ತು ಸಾಲಿನ ದೋಷದ ವಿವರ. ಹಳೇ ಫೈಲ್ ತುಂಬಿದರೆ ಅಳಿಸಿ ಹೊಸದು.

ಕಾಕಾಗೆ ತೋರಿಸಿ, ಗಾಡಿಯ ಇಂಟರ್ನೆಟ್ ಸಿಮ್ ಏನಾಯಿತು ಅಂದೆ. ಕಂಪನಿಯವರು ಮೊದಲು ಪುಕ್ಕಟೆ ಕೊಟ್ಟಿದ್ದರಂತೆ. ಅವಧಿ ಮುಗಿದ ಮೇಲೆ ದುಡ್ಡು ಕಟ್ಟಿ ಅಂದಾಗ ಇವರು ಬೇಡ ಅಂದಿದ್ದಾರೆ. ತಪ್ಪೇನಿಲ್ಲ, ಫೋನ್ ಇರುವಾಗ ಯಾರಿಗೆ ಬೇಕು? ಆದರೆ ಗಾಡಿಗೆ ಅದು ತಿಳಿದಿಲ್ಲ. ಬ್ಯಾಟರಿಯ ದಿನಚರಿಯನ್ನು ಸರ್ವರ್‌ಗೆ ಕಳಿಸಲು ಹೋಗುತ್ತದೆ, ಆಗುವುದಿಲ್ಲ, ಆಗಲಿಲ್ಲ ಅಂತ ಬರೆದಿಡುತ್ತದೆ. ಕಳಿಸದೆ ಉಳಿದ ದಿನಚರಿ ಬೇರೆ ಡೇಟಾಬೇಸ್‌ನಲ್ಲಿ ಗುಡ್ಡೆ ಬೀಳುತ್ತದೆ. ಆ ಸಾಫ್ಟ್‌ವೇರ್ ಬರೆದವರು, ಒಂದು ಸಲ ಸೋತರೆ ಮುಂದಿನ ಸಲಕ್ಕೆ ಒಂದಿಷ್ಟು ಹೆಚ್ಚು ಹೊತ್ತು ಕಾಯಬೇಕು ಅನ್ನುವ ಸಾದಾ ನಿಯಮ ಹಾಕಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಇದರಲ್ಲಿ ಕಾಕಾನ ತಪ್ಪು ನನಗೆ ಕಾಣುವುದಿಲ್ಲ.

ಎಲ್ಲ ಗಾಡಿಯಲ್ಲೂ ಸಿಮ್ಮೇ ಕಾರಣ ಅಲ್ಲ. ಒಳಗಿನ ಮೆಮೊರಿಗೇ ಉಳಿಸುವ ಡ್ಯಾಶ್‌ಕ್ಯಾಮ್, ಆನ್‌ಲೈನ್ ಹಾಡನ್ನು ತಾತ್ಕಾಲಿಕವಾಗಿ ಕೂಡಿಡುವ ಕ್ಯಾಶ್, ಸರ್ವಿಸ್‌ನವರು ದೋಷ ಹುಡುಕಲು ಆನ್ ಮಾಡಿ ಮರೆತ ಡಿಬಗ್ ಲಾಗ್, ಇವನ್ನೂ ನೋಡಿ. ಹೊರಗಿನಿಂದ ಹಾಕಿಸಿದ ಆಂಡ್ರಾಯ್ಡ್ ಸ್ಟೀರಿಯೊದಲ್ಲಿ ಇದು ಇನ್ನೂ ಕೆಟ್ಟದ್ದು.

ಬದಲಿಸುವ ಕೆಲಸ

ಬೋರ್ಡ್ ಕೆಲಸ ಗೊತ್ತಿದ್ದವರಿಗೆ ಮಾತ್ರ ಇದು. ಸ್ಕ್ರೀನ್ ಕಂಪ್ಯೂಟರ್ ಓಡುವುದು 12 ವೋಲ್ಟ್‌ನಲ್ಲಿ, ಕೇಸರಿ ಬಣ್ಣದ ದಪ್ಪ ಕೇಬಲ್ ಮುಟ್ಟುವ ಪ್ರಮೇಯವೇ ಇಲ್ಲ. ದಾರಿಗೆ ಅಡ್ಡ ಬಂತು ಅಂತ ಕೂಡ ಮುಟ್ಟಬೇಡಿ. ಚಾರ್ಜಿಂಗ್ ಗನ್ ತೆಗೆದು, ಗಾಜು ಇಳಿಸಿ, ಬಾನೆಟ್ ತೆರೆದಿಟ್ಟು ಆಮೇಲೆ 12 ವೋಲ್ಟ್ ಕಳಚಿ. ಕಳಚಿದ ಮೇಲೆ ಎಷ್ಟೋ ಗಾಡಿಗಳ ಬಾಗಿಲು ತೆರೆಯುವುದಿಲ್ಲ.

ಕಾಪಿಯನ್ನು ಚಿಪ್ ಕೀಳುವ ಮೊದಲೇ, ಬೋರ್ಡಿನ ಮೇಲೆಯೇ ತೆಗೆಯಿರಿ. ಕ್ಲಾಕ್, ಕಮಾಂಡ್, ಡೇಟಾ ಸೊನ್ನೆ, ಎರಡು ವೋಲ್ಟೇಜ್, ಗ್ರೌಂಡ್, ಆರು ವೈರ್ ಸಾಕು. ಯಾಕೆ ಅಂದರೆ ಹಾಟ್ ಏರ್‌ನ ಬಿಸಿಗೆ ಸವೆದ ಕೋಶಗಳ ಚಾರ್ಜ್ ಇನ್ನಷ್ಟು ಸೋರುತ್ತದೆ. ಬೋರ್ಡಿನ ಮೇಲೆ ಓದುತ್ತಿದ್ದ ಪುಟ ಕಿತ್ತ ಮೇಲೆ ಓದದೇ ಹೋಗಬಹುದು. ಕ್ಲಾಕ್ ವೇಗ ಇಳಿಸಿ. ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗಿ ಕೊನೆಗೆ ಮತ್ತೆ ಪ್ರಯತ್ನಿಸುವ ಡಿಡಿರೆಸ್ಕ್ಯೂ ಥರದ ಪ್ರೋಗ್ರಾಂ ಬಳಸಿ. ಕಾಕಾ ಚಿಪ್‌ಗೆ ಒಂದು ರಾತ್ರಿ ಹಿಡಿಯಿತು. ಮೂರು ಸಣ್ಣ ತುಂಡು ಬಿಟ್ಟರೆ ಎಲ್ಲ ಬಂತು. ಆ ಮೂರೂ ಲಾಗ್ ಫೋಲ್ಡರ್‌ನಲ್ಲೇ ಇದ್ದವು, ಮಾಡಿದವರಿಗೇ ತಗುಲಿತು.

ಬರೀ ಯೂಸರ್ ಏರಿಯಾ ಕಾಪಿ ಮಾಡಿ ಹೊಸ ಚಿಪ್ ಕೂರಿಸಿ, ಬೂಟ್ ಆಗಲಿಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂರುವವರಿದ್ದಾರೆ. ಬೂಟ್ 1, ಬೂಟ್ 2 ಎಂಬ ಎರಡು ಬೇರೆ ಭಾಗ ಇವೆ, ಅವೂ ಬೇಕು. ಯಾವುದರಿಂದ ಬೂಟ್ ಆಗಬೇಕು ಅನ್ನುವ ಸೆಟ್ಟಿಂಗ್ ಎಕ್ಸ್‌ಟಿ ಸಿಎಸ್‌ಡಿಯಲ್ಲಿದೆ, ಅದನ್ನೂ ಹಾಗೇ ಇಡಬೇಕು. ಆರ್‌ಪಿಎಂಬಿ ಅನ್ನುವ ಭಾಗ ಮಾತ್ರ ಕಾಪಿ ಆಗುವುದಿಲ್ಲ. ಅದರ ಕೀಲಿಯನ್ನು ಒಂದೇ ಸಲ ಬರೆಯಬಹುದು, ಹೊರಗೆ ಓದಲು ಬರುವುದಿಲ್ಲ. ಗಾಡಿ ತನ್ನ ಗುಟ್ಟುಗಳನ್ನು ಅಲ್ಲಿ ಇಟ್ಟಿದ್ದರೆ ಹೊಸ ಚಿಪ್‌ನಲ್ಲಿ ಕೆಲವು ಸೌಲಭ್ಯ ಬರುವುದಿಲ್ಲ ಅಂತ ಮಾಲೀಕರಿಗೆ ಮೊದಲೇ ಹೇಳಿಬಿಡಿ. ಆಮೇಲೆ ಹೇಳಿದರೆ ಜಗಳ.

ಹೊಸ ಚಿಪ್ ಆರಿಸುವಾಗ ಫೋನ್‌ನಿಂದ ಕಿತ್ತ ಹಳೇ ಮಾಲು ಹಾಕಬೇಡಿ. ಅದು ಅರ್ಧ ಆಯುಸ್ಸು ಮುಗಿಸಿಯೇ ಬಂದಿರುತ್ತದೆ, ಹಾಕುವ ಮೊದಲು 268, 269 ಓದಿದರೆ ಬಂಡವಾಳ ಬಯಲಾಗುತ್ತದೆ. ವಾಹನಕ್ಕೆಂದೇ ಮಾಡಿದ, ಕನಿಷ್ಠ 85 ಡಿಗ್ರಿ, ಸಾಧ್ಯವಾದರೆ 105 ಡಿಗ್ರಿವರೆಗೆ ತಾಳುವ ಹೊಸ ಚಿಪ್ ತರಿಸಿ. ನಾನು 32 ಜಿಬಿ ಹಾಕಿದೆ. ಬೇಕಾದದ್ದು 8. ಉಳಿದ ಜಾಗ ಸುಮ್ನೆ ಬಿದ್ದಿರಲಿ, ಸವೆತ ಹಂಚಿಕೊಳ್ಳಲು.

ಕೂರಿಸಿದ ಮೇಲೆ ಅದೇ ಮೂರು ಪರೀಕ್ಷೆ: ಸ್ಟೇಷನ್, ಬಣ್ಣ, ಫೋನಿನ ಹೆಸರು. ಕಾಕಾ ತಾವೇ ಅಳಿಸಿ, ಲಾಕ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಶರಣಬಸವೇಶ್ವರ ಗುಡಿಗೆ ಹೋಗಿ ಬಂದರು. ಹೆಸರು ಬಂದಿರಲಿಲ್ಲ.

ಸರ್ವರ್‌ಗೆ ಕಳಿಸುವ ಸೇವೆಯನ್ನು ಗಾಡಿಯ ಸೆಟ್ಟಿಂಗ್‌ನಲ್ಲಿ ಕಾಕಾ ಒಪ್ಪಿಗೆ ಹಿಂತೆಗೆದುಕೊಂಡು ನಿಲ್ಲಿಸಿದರು. ಮತ್ತೆ ಒಂದು ಗಂಟೆ ಅಳೆದೆ, 38 ಎಂಬಿ ಬಂತು. ಸಿಮ್ ಬೇಕೇ ಬೇಕು ಅನ್ನುವವರು ದುಡ್ಡು ಕಟ್ಟಿ ನವೀಕರಿಸಿದರೂ ಆಗಬಹುದು. ಅರ್ಧಂಬರ್ಧ ಇಡುವುದೇ ಕೇಡು.

ಹಳೇ ಚಿಪ್ಪನ್ನು ಏನು ಮಾಡಬೇಕು ಅಂತ ಕಾಕಾ ಕೇಳಿದರು. ಬಿಸಾಕಿ ಅನ್ನಲು ಬಾಯಿ ಬರಲಿಲ್ಲ. ಅದು ಬರೆಯುವುದಿಲ್ಲ ನಿಜ, ಓದಲು ಬರುತ್ತದೆ. ಡಂಪ್‌ನಲ್ಲಿ ನಾನೇ ನೋಡಿದ್ದೆ: ಮನೆಯ ವೈಫೈ ಪಾಸ್‌ವರ್ಡ್ ಹಾಗೇ ಬರೆದಿಟ್ಟಿದೆ, ಗಂಜ್‌ನ ಅರ್ಧ ಜನರ ಫೋನ್ ನಂಬರ್ ಇದೆ, ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ ಅನ್ನುವ ಜಿಪಿಎಸ್ ಇದೆ. ಅಮೆರಿಕದಲ್ಲಿ ಬದಲಿಸಿ ತೆಗೆದ ಟೆಸ್ಲಾ ಬೋರ್ಡುಗಳು 2020ರಲ್ಲಿ ಇಬೇಯಲ್ಲಿ ಮಾರಾಟಕ್ಕೆ ಬಂದು, ಹಳೇ ಮಾಲೀಕರ ಇಂಥದ್ದೇ ವಿವರ ಅವುಗಳಲ್ಲಿ ಸಿಕ್ಕಿತ್ತು. ನನ್ನ ಕಂಪ್ಯೂಟರ್‌ನಲ್ಲಿದ್ದ ಡಂಪನ್ನು ಅವರೆದುರೇ ಅಳಿಸಿದೆ. ಚಿಪ್ಪನ್ನು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟೆ.

ಕಾಕಾ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಹೆಸರುಬೇಳೆಯ ನಾಲ್ಕು ಕಾಳು ಜೋಡಿಸಿದಷ್ಟು ದೊಡ್ಡದು. "ಇಷ್ಟರಾಗ ನಾಕ್ ವರ್ಷದ ಖಾತಿ ಅದ ಅಂತಿ" ಅಂದರು. ಅಂಗಡಿ ಮುಂದಿನ ಪರಸಿ ಕಲ್ಲಿನ ಮೇಲೆ ಇಟ್ಟು, ನನ್ನಿಂದಲೇ ಸುತ್ತಿಗೆ ಇಸಕೊಂಡು, ಎರಡೇ ಏಟಿಗೆ ಪುಡಿ ಮಾಡಿದರು.